ಮೇಲಿನ ಸಾಲು ಬಿಟ್ಟು

ತಪ್ಪು ಹುಡುಕುವುದು ನನಗೆ ಮೊದಲು ಕಸುಬಾಗಿತ್ತು, ಈಗ ಚಟವಾಗಿದೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದವನು ನಾನು. ವಿಜಯಪುರದಲ್ಲಿ ಇಬ್ರಾಹಿಂಪುರದ ಮನೆಯಿಂದ ಸ್ಟೇಷನ್ ರಸ್ತೆಗೆ ನಡೆದು ಹೋಗುವಾಗ ಕಣ್ಣಿಗೆ ಬಿದ್ದ ಬೋರ್ಡನ್ನೆಲ್ಲ ಮನಸ್ಸಿನಲ್ಲೇ ತಿದ್ದುತ್ತ ಹೋಗುತ್ತೇನೆ. ಒಬ್ಬ ಟೇಲರ್ ತನ್ನ ಇಂಗ್ಲಿಷ್ ಬೋರ್ಡಿನಲ್ಲಿ ಎಸ್ ಅಕ್ಷರ ಬಂದಲ್ಲೆಲ್ಲ ಅದರ ನೆತ್ತಿಯ ಪಕ್ಕಕ್ಕೆ ಅಪಾಸ್ಟ್ರಫಿಯ ಒಂದು ಕೊಂಬು ಬರೆಸಿದ್ದಾನೆ. ಯಾಕೋ ಮಾರಾಯಾ ಅಂತ ಕೇಳಿದರೆ, ‘ಪೇಂಟರ್ ಹಾಕ್ಲ್ಯಾ ಅಂದಾ, ಚಂದ ಕಾಣ್ತೈತಿ ಹಾಕ್ಬಿಡು ಅಂದ್ನಿರಿ’ ಅಂದ. ಒಂದು ದವಾಖಾನೆಯ ಬೋರ್ಡಿನಲ್ಲಿ ಒಂದೊಂದು ಶಬ್ದಕ್ಕೂ ಒಂದೊಂದು ಪೂರ್ಣವಿರಾಮ. ಹೆಂಡತಿ ಉರ್ದುವಿನಲ್ಲಿ ಬೈಯುತ್ತಾಳೆ: ನಿಮಗೆ ಊರು ಕಾಣುವುದಿಲ್ಲ, ಊರಿನ ಚುಕ್ಕಿ ಮಾತ್ರ ಕಾಣುತ್ತದೆ. ಅವಳ ಮಾತನ್ನು ನಾನು ಬಹಳ ವರ್ಷ ಹೊಗಳಿಕೆ ಅಂತಲೇ ತಿಳಿದಿದ್ದೆ.

ನಿವೃತ್ತನಾದ ಮೇಲೆ ಮನೆಯಲ್ಲಿ ಕೂತು ಹೆಂಡತಿಯ ಅಡಿಗೆಯಲ್ಲಿ ತಪ್ಪು ಹುಡುಕತೊಡಗಿದೆ. ಎಂಟು ದಿನಕ್ಕೇ ಅವಳು ಕೈಮುಗಿದು, ಎಲ್ಲಾದರೂ ಹೋಗಿ ಕಲಿಸಿ ಅಂದಳು. ಸ್ಟೇಷನ್ ರಸ್ತೆಯಲ್ಲಿ ಒಂದು ಗಾದಿ ಅಂಗಡಿಯ ಮೇಲಿನ ಖೋಲಿ ಸಿಕ್ಕಿತು. ಕೆಳಗೆ ದಿನವಿಡೀ ಅರಳೆ ಹಿಂಜುವ ಯಂತ್ರದ ಸದ್ದು; ಕಿಟಕಿ ತೆರೆದರೆ ಅರಳೆಯ ನೂಲು ಹಾರಿ ಬಂದು ಕರಿಹಲಗೆಗೆ ಅಂಟುತ್ತಿತ್ತು. ರವಿವಾರ ಮಾತ್ರ ಯಂತ್ರ ಬಂದ್. ಹಾಗಾಗಿ ನನ್ನ ಕ್ಲಾಸು ರವಿವಾರ. ಏನೂ ಬಾರದವರಿಗಲ್ಲ, ಚೆನ್ನಾಗಿ ಬಂದವರಿಗೂ ಅಲ್ಲ. ಪೇಪರು ಓದಬಲ್ಲರು, ಮಾತು ತಿಳಿಯುತ್ತದೆ, ಆದರೆ ಬರೆಯಲು ಕೂತರೆ ಒಂದು ಪುಟಕ್ಕೆ ಒಂದೇ ವಾಕ್ಯ. ಎಲ್ಲಿ ನಿಲ್ಲಬೇಕು, ಎಲ್ಲಿ ಉಸಿರು ತಗೋಬೇಕು, ಯಾವ ಅಕ್ಷರ ದೊಡ್ಡದು, ಯಾವುದು ಸಣ್ಣದು ಒಂದೂ ಗೊತ್ತಿಲ್ಲ. ಇಂಥ ಅರ್ಧಂಬರ್ಧದವರಿಗೆ ಕಲಿಸುವುದು ಕಷ್ಟ. ಬಾರದವನು ಕೇಳುತ್ತಾನೆ, ಅರ್ಧ ಬಂದವನು ವಾದ ಮಾಡುತ್ತಾನೆ.

ಆಕೆ ವಾದ ಮಾಡಲು ಬಂದವಳಲ್ಲ. ತಿಕೋಟಾದಿಂದ ಬಸ್ಸಿನಲ್ಲಿ ಬಂದು, ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು, ಬಾಗಿಲಲ್ಲಿ ನಿಂತು, ‘ಒಳಗ ಬರ್ಲೇನ್ರಿ ಸರ?’ ಅಂತ ಕೇಳಿದ್ದು ಇನ್ನೂ ಕಿವಿಯಲ್ಲಿದೆ. ನಲವತ್ತಕ್ಕೆ ಹತ್ತಿರದ ಹೆಣ್ಣುಮಗಳು. ಬಬಲೇಶ್ವರದ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕಿ. ನಮ್ಮ ಕಡೆ ಅತಿಥಿಗೆ ಬಂದ ದಿನ ಹೋಳಿಗೆ, ನಾಲ್ಕನೆಯ ದಿನ ನುಚ್ಚು. ಆಕೆ ಹನ್ನೊಂದು ವರ್ಷದಿಂದ ಅತಿಥಿ. ಜೂನಿನಲ್ಲಿ ಕರೆದರೆ ಮೇಡಂ, ಏಪ್ರಿಲ್ ಮುಗಿದರೆ ಯಾರೋ. ಕಾಯಂ ಶಿಕ್ಷಕರು ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದರೆ, ಈಕೆ ಅದರ ಕೆಳಗಿಟ್ಟ ಇನ್ನೊಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಹಾಕಬೇಕು. ಹೇಳುವಾಗ ಆಕೆ ಪಗಾರದ ಮಾತೇ ಎತ್ತಲಿಲ್ಲ, ಆ ನೋಟ್‌ಬುಕ್ಕಿನದೇ ಎತ್ತಿದಳು.

‘ಆ ಹಾಜರಿ ಪುಸ್ತಕದಾಗ ಒಂದ್ಸಲ ಸೈನ್ ಮಾಡಬೇಕ್ರಿ ಸರ. ಅಷ್ಟs ನನ್ನ ಆಸೆ,’ ಅಂದಳು.

ಕಾಯಂ ನೇಮಕಾತಿಯ ಪರೀಕ್ಷೆಯನ್ನು ಆಕೆ ಹಿಂದೆ ಎರಡು ಸಲ ಬರೆದಿದ್ದಳು. ಆಗ ಪರೀಕ್ಷೆಯೆಂದರೆ ಸರಿ ಉತ್ತರದ ಗೋಲ ತುಂಬುವುದಷ್ಟೇ. ಎರಡು ಸಲವೂ ಕೂದಲೆಳೆಯಲ್ಲಿ ತಪ್ಪಿತು. ಈ ಸಲ ಗೋಲದ ಜೊತೆ ಇಂಗ್ಲಿಷಿನಲ್ಲಿ ಕೈಬರಹದ ಪತ್ರಿಕೆಯೊಂದು ಸೇರಿತ್ತು: ಒಂದು ಪ್ರಬಂಧ, ಒಂದು ಪತ್ರ, ಒಂದು ಸಾರಾಂಶ. ವಿರಾಮ ಚಿಹ್ನೆಗೂ ದೊಡ್ಡಕ್ಷರಕ್ಕೂ ಬೇರೆಯಾಗಿ ಅಂಕ ಕಡಿಯುತ್ತಾರೆಂದು ಸೂಚನೆಯಲ್ಲೇ ಇತ್ತು. ಮುಂದಿನ ಸಲಕ್ಕೆ ಆಕೆಯ ವಯಸ್ಸು ಮಿತಿ ದಾಟುತ್ತದೆ. ಹಾಗಾಗಿ ಇದೇ ಕೊನೆಯದು.

ಆ ಕೆಲಸ ಆಕೆಗೆ ಸಿಗಲಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಓದುವವರು ಆಸೆ ಇಟ್ಟುಕೊಂಡು ಕೂರುವುದು ಬೇಡ. ನಾನು ಇಟ್ಟುಕೊಂಡು ಕೂತಿದ್ದೆ, ಸಾಕು.

ಮೊದಲ ದಿನ ತನ್ನ ಬಗ್ಗೆ ಒಂದು ಪುಟ ಬರೆಯಲು ಹೇಳಿದೆ. ಬರೆದು ತಂದಳು. ಮುತ್ತಿನಂಥ ಅಕ್ಷರ. ಆದರೆ ಹೆಡ್‌ಮಾಸ್ಟರ್ ದೊಡ್ಡಕ್ಷರ, ಅತ್ತೆ ದೊಡ್ಡಕ್ಷರ, ಶಾಲೆ ದೊಡ್ಡಕ್ಷರ, ಬಸ್ಸಿನ ಕಂಡಕ್ಟರ್ ಕೂಡ ದೊಡ್ಡಕ್ಷರ. ನಾನು ಅನ್ನುವ ಅರ್ಥದ ಐ ಮಾತ್ರ ಪುಟದುದ್ದಕ್ಕೂ ಸಣ್ಣದು, ಮೂಲೆಯಲ್ಲಿ ಸೆರಗು ಹೊದ್ದು ನಿಂತ ಸೊಸೆಯ ಹಾಗೆ. ಕೆಂಪು ಪೆನ್ನಿನಿಂದ ಹದಿನೇಳು ಕಡೆ ಸುತ್ತು ಹಾಕಿದೆ.

‘ಇದನ್ನ ದೊಡ್ಡದ ಬರೀಬೇಕವಾ ತಂಗಿ.’

‘ನನ್ನನ್ನ ನಾನs ದೊಡ್ಡದ ಬರಕೋಬೇಕೇನ್ರಿ ಸರ? ಮಂದಿ ಏನಂದಾರು?’

ಖೋಲಿಯಲ್ಲಿದ್ದವರೆಲ್ಲ ನಕ್ಕರು. ನನಗೂ ನಗು ಬಂತು, ಆದರೆ ತಡೆದುಕೊಂಡೆ. ಕಲಿಸುವಾಗ ನಕ್ಕರೆ ಕೆಲಸ ಕೆಡುತ್ತದೆ ಅನ್ನುವುದು ನನ್ನ ನಂಬಿಕೆ. ಇಂಗ್ಲಿಷಿನವರು ಅಷ್ಟೇ ತಾಯಿ, ಅವರಿಗೆ ತಾವು ಯಾವಾಗಲೂ ದೊಡ್ಡವರೇ, ಪರೀಕ್ಷೆ ಮುಗಿಯುವ ತನಕ ಸ್ವಲ್ಪ ನಾಚಿಕೆ ಬಿಡು ಅಂದೆ. ಆಕೆ ಮುಂದಿನ ವಾರ ಬರುವಾಗ ಆ ಒಂದೇ ಅಕ್ಷರವನ್ನು ಇನ್ನೂರು ಸಲ ದೊಡ್ಡದಾಗಿ ಬರೆದು ತಂದಿದ್ದಳು. ನಾನು ಹಾಗೆ ಹೇಳಿರಲೇ ಇಲ್ಲ.

ಹೀಗೆ ಕಲಿತಳು. ವಿಶೇಷ ಬುದ್ಧಿವಂತಳೇನಲ್ಲ, ಹಟವಾದಿ. ಪೂರ್ಣವಿರಾಮ ಎಲ್ಲಿ ಹಾಕಬೇಕೆಂದು ನಾನು ನಾಲ್ಕು ವಾರ ವ್ಯಾಕರಣ ಕೊರೆದೆ. ಕರ್ತೃ, ಕ್ರಿಯೆ ಅಂತ ಕರಿಹಲಗೆ ತುಂಬಿಸಿದೆ. ತಲೆ ಅಲ್ಲಾಡಿಸುತ್ತಿದ್ದಳು, ಬರೆಯುವಾಗ ಮತ್ತೆ ಅದೇ ಒಂದೇ ವಾಕ್ಯದ ಪುಟ. ಐದನೆಯ ವಾರ ತಾನೇ ಹೇಳಿದಳು: ‘ಸರ, ನಂಗ ಈಗ ತಿಳೀತ್ರಿ. ರೊಟ್ಟಿ ಬಡಿಯೂಮುಂದ ನಡುವ ಹಿಟ್ಟ ಉದರ್ಸಾಕ ಕೈ ಎತ್ತತೀವಲ್ರಿ, ಅದು ಕಾಮಾ. ರೊಟ್ಟಿ ಎತ್ತಿ ಹಂಚಿಗೆ ಹಾಕಿದ್ವಿ ಅಂದ್ರ ಫುಲ್‌ಸ್ಟಾಪ್. ಹಂಚಿಗೆ ಹೋದ ರೊಟ್ಟಿನ ಮತ್ತ ಬಡಿಯಾಕ ಬರೂದಿಲ್ಲ.’ ಮೂವತ್ತು ವರ್ಷ ಪಾಠ ಮಾಡಿದ ನನಗೆ ಇಷ್ಟು ಸರಳವಾಗಿ ಹೇಳಲು ಬಂದಿರಲಿಲ್ಲ. ಅದನ್ನು ಆಕೆಗೆ ಹೇಳಬೇಕಿತ್ತು. ಹೇಳಲಿಲ್ಲ. ಹುಂ, ಬರಿ ಅಂದೆ.

ಈಗ ಆ ಮೇಲಿನ ಸಾಲಿನ ಮಾತು.

ಆಕೆ ಯಾವ ಹಾಳೆ ತೆಗೆದರೂ ಮೊದಲು ನೆತ್ತಿಯ ಮೇಲೆ, ನಡುಮಧ್ಯಕ್ಕೆ, ‘ಶ್ರೀ ಸಿದ್ಧೇಶ್ವರ ಪ್ರಸನ್ನ’ ಎಂದು ಕನ್ನಡದಲ್ಲಿ ಬರೆಯುತ್ತಿದ್ದಳು. ನಮ್ಮ ಊರಲ್ಲಿ ಇದೇನು ಹೊಸದಲ್ಲ. ಲಗ್ನಪತ್ರಿಕೆ ಇರಲಿ, ಕಿರಾಣಿ ಚೀಟಿ ಇರಲಿ, ಹಾಳೆಯ ತಲೆ ಬರಿದು ಬಿಟ್ಟರೆ ಬರೆದವನಿಗೇ ಒಂಥರಾ ಅನಿಸುತ್ತದೆ. ಗುಡಿಯ ಹತ್ತಿರದ ಅಂಗಡಿಯಲ್ಲಿ ಹೊಸ ಪೆನ್ನು ಕೊಂಡವರು ರೀಫಿಲ್ ನೋಡಲೆಂದು ಗೀಚುವುದೂ ಅದನ್ನೇ. ನಮ್ಮ ಮನೆಯಲ್ಲಿ ಬಿಸ್ಮಿಲ್ಲಾಕ್ಕೆ ಬದಲಾಗಿ ಏಳು ಎಂಟು ಆರು ಬರೆಯುತ್ತಿದ್ದೆವು. ನನ್ನ ತಾಯಿ ಓದು ಬಾರದವಳು, ಆದರೆ ಆ ಮೂರು ಅಂಕಿ ಗುರುತಿಸುತ್ತಿದ್ದಳು. ಪಾಟಿಯ ಮೇಲೆ ಅದಿಲ್ಲದಿದ್ದರೆ ಹಿಂದಕ್ಕೆ ಕಳಿಸುತ್ತಿದ್ದಳು. ಮೊದಲು ಅವನ ಹೆಸರು, ಆಮೇಲೆ ನಿನ್ನ ಬುದ್ಧಿ ಅನ್ನುತ್ತಿದ್ದಳು. ಆದ್ದರಿಂದ ಆಕೆಯ ಹಾಳೆಯ ಮೇಲಿನ ಸಾಲು ನೋಡಿದರೆ ನನಗೆ ಸಂತೋಷವೇ ಆಗುತ್ತಿತ್ತು. ಇಂಗ್ಲಿಷ್ ಪುಟದಲ್ಲಿ ನಮ್ಮದು ಅನ್ನಬಹುದಾದ ಸಾಲು ಅದೊಂದೇ.

ಆ ಸಾಲನ್ನು ನಾನು ಮುಟ್ಟುತ್ತಿರಲಿಲ್ಲ. ನನ್ನ ಪೆನ್ನು ಅದರ ಕೆಳಗಿನಿಂದ ಶುರುವಾಗುತ್ತಿತ್ತು. ಇದಕ್ಕೆ ಒಂದು ಹಳೆಯ ಕಾರಣ ಉಂಟು. ನೌಕರಿಗೆ ಸೇರಿದ ಹೊಸದರಲ್ಲಿ, ತಿಕೋಟಾ ಕಡೆಯ ಶಾಲೆಯಲ್ಲೇ, ಒಬ್ಬ ಹುಡುಗಿಯ ಇಂಗ್ಲಿಷ್ ನೋಟ್‌ಬುಕ್ಕಿನ ತಲೆಯ ಮೇಲೆ ಇಂಥದೇ ಸಾಲಿತ್ತು. ಇಂಗ್ಲಿಷಿನ ಪುಟದಲ್ಲಿ ಕನ್ನಡ ಯಾಕೆ ಅಂತ ಗೆರೆ ಎಳೆದುಬಿಟ್ಟೆ. ಮರುದಿನ ಆ ಹುಡುಗಿಯ ಅಜ್ಜ ಶಾಲೆಗೆ ಬಂದರು. ಜಗಳಕ್ಕಲ್ಲ. ರುಮಾಲು ಬಿಚ್ಚಿ ಬೆವರು ಒರೆಸಿಕೊಂಡು, ನಾನು ಕೊಟ್ಟ ನೀರು ಕುಡಿದು, ಮೆಲ್ಲಗೆ ಹೇಳಿದರು: ‘ಮಾಸ್ತರ್ರ, ಹುಡಿಗಿ ತಪ್ಪ ತಿದ್ರಿ, ಬೇಕಾದ್ರ ಎರಡ ಹೊಡೀರಿ. ದೇವರ ಹೆಸರ ಮ್ಯಾಲ ಗೆರಿ ಎಳೀಬ್ಯಾಡ್ರಿ. ಎಳದಾವ್ರು ನೀವು ಅಂತ ಮಂದಿ ಬ್ಯಾರೆ ತಿಳಕೋತಾರು.’ ನೀವು ಅನ್ನುವ ಶಬ್ದವನ್ನು ಅವರು ಬಹಳ ಜೋಪಾನವಾಗಿ ಆಡಿದರು. ನನಗೆ ಅರ್ಥವಾಯಿತು. ಅವರು ನನ್ನ ಒಳ್ಳೆಯದಕ್ಕೇ ಹೇಳಿದ್ದು, ಅದೂ ಅರ್ಥವಾಯಿತು. ಅಂದಿನಿಂದ ಯಾವ ಮಗುವಿನ ಹಾಳೆಯಲ್ಲೂ ಮೇಲಿನ ಸಾಲಿಗೆ ಕೈ ಹಚ್ಚಿಲ್ಲ. ಇದನ್ನು ನಾನು ನನ್ನ ಸಭ್ಯತೆ ಅಂದುಕೊಂಡಿದ್ದೆ, ಒಳಗೊಳಗೆ ಸ್ವಲ್ಪ ಜಂಬವೂ ಇತ್ತು.

ಪರೀಕ್ಷೆಗೆ ಎರಡು ತಿಂಗಳಿರುವಾಗ ನಾನೊಂದು ಹೊಸ ಅಭ್ಯಾಸ ಹಚ್ಚಿದೆ. ಪುಸ್ತಕದ ವಾಕ್ಯಗಳು ಎಲ್ಲರಿಗೂ ಬಾಯಿಪಾಠವಾಗಿದ್ದವು. ಬೇರೆ ಇಂಗ್ಲಿಷ್ ಎಲ್ಲಿಂದ ತರುವುದು? ಔಷಧಿ ಡಬ್ಬಿಯೊಳಗಿನ ಚೀಟಿ, ರೈಲ್ವೆ ಟಿಕೇಟಿನ ಹಿಂಬದಿ, ಮಿಕ್ಸರಿನ ಜೊತೆ ಬಂದ ಪುಸ್ತಿಕೆ, ಸಿಕ್ಕಿದ್ದನ್ನೆಲ್ಲ ತಂದು ಅದರ ಚಿಹ್ನೆಗಳನ್ನು ಕಿತ್ತು, ಎಲ್ಲ ಅಕ್ಷರ ಸಣ್ಣದು ಮಾಡಿ, ಝೆರಾಕ್ಸ್ ತೆಗೆಸಿ ಹಂಚುತ್ತಿದ್ದೆ. ಅವರು ಚುಕ್ಕಿ, ಕಾಮಾ, ದೊಡ್ಡಕ್ಷರ ಮತ್ತೆ ಕೂಡಿಸಬೇಕು. ಕೋಳಿಯ ಪುಕ್ಕ ಕಿತ್ತು ಮತ್ತೆ ಹಚ್ಚಿಸುವ ಆಟ ಅಂತ ನಾನೇ ತಮಾಷೆ ಮಾಡುತ್ತಿದ್ದೆ. ಒಂದು ರವಿವಾರ ಪರೀಕ್ಷೆಯ ಸೂಚನೆಗಳ ಪುಟವನ್ನೇ ಹಾಗೆ ಮಾಡಿ ಕೊಟ್ಟೆ. ಉದ್ದುದ್ದ ಇಂಗ್ಲಿಷ್ ವಾಕ್ಯಗಳು, ಅರ್ಧವಿರಾಮ, ಆವರಣ, ಪಟ್ಟಿ ಎಲ್ಲ ಇದ್ದವು. ಇದಕ್ಕಿಂತ ಒಳ್ಳೆಯ ಅಭ್ಯಾಸ ಸಿಗದು ಅಂತ ಖುಷಿಪಟ್ಟಿದ್ದೆ.

ಆಕೆ ಅರ್ಧ ತಾಸಿನಲ್ಲಿ ಮುಗಿಸಿಕೊಟ್ಟಳು. ಒಂದೂ ತಪ್ಪಿರಲಿಲ್ಲ. ಪುಟದುದ್ದಕ್ಕೂ ಕೆಂಪು ರೈಟು ಹಾಕುತ್ತ ಬಂದೆ, ಕೊನೆಗೆ ‘ಗುಡ್’ ಅಂತ ಬರೆದೆ. ನಾನು ಗುಡ್ ಬರೆಯುವುದು ಅಪರೂಪ. ಆಕೆ ಆ ಹಾಳೆಯನ್ನು ಮಡಚಿ ಪರ್ಸಿನಲ್ಲಿ ಇಟ್ಟುಕೊಂಡಳು.

ಪರೀಕ್ಷೆ ವಿಜಯಪುರದಲ್ಲೇ ನಡೆಯಿತು. ಬರೆದು ಮುಗಿಸಿ ಆಕೆ ನೇರ ನಮ್ಮ ಮನೆಗೆ ಬಂದಳು. ಮುಖ ನೋಡಿಯೇ ಗೊತ್ತಾಯಿತು. ಹೆಂಡತಿ ಚಹಾ ತಂದರೆ ಬಿಸಿ ಆರುವ ತನಕವೂ ಮಾತು ನಿಲ್ಲಲಿಲ್ಲ. ಪ್ರಬಂಧಕ್ಕೆ ನಿಮ್ಮ ಊರ ಸಂತೆ ಅನ್ನುವ ವಿಷಯ ಬಂದಿತ್ತಂತೆ.

‘ತಿಕೋಟಾ ಸಂತಿನ ಬರದೆ ನೋಡ್ರಿ ಸರ. ಬದನಿಕಾಯಿ, ಹಗ್ಗ, ಕುಡಗೋಲು, ಮೆಣಸಿನಕಾಯಿ, ಎಲ್ಲಾದಕ್ಕೂ ನಡುವ ಕಾಮಾ. ಬಳಿಗಾರ ಕೂಗೂದನ್ನ ಉಲ್ಟಾ ಕಾಮಾದಾಗ ಹಾಕೀನಿ. ಐ ಅಂತ ಬಂದಲ್ಲೆಲ್ಲಾ ದೊಡ್ಡದು. ಎರಡ್ಸಲ ಓದಿ ನೋಡೀನ್ರಿ.’

‘ಪ್ಯಾರಾ ಬಿಟ್ಟೀಯಿಲ್ಲ?’

‘ಬಿಟ್ಟೀನ್ರಿ.’

‘ಪತ್ರದಾಗ ತಾರೀಖಿನ ಮುಂದ?’

‘ಎಲ್ಲಾ ಹಾಕೀನ್ರಿ ಸರ. ನೀವೂ ಒಂದಿಷ್ಟು ನಗ್ರಿ ಈಗರ!’

ನಕ್ಕೆ. ಹೆಂಡತಿ ಆಶ್ಚರ್ಯದಿಂದ ನನ್ನ ಮುಖ ನೋಡಿದಳು. ಹೋಗುವಾಗ ಆಕೆಗೆ ಕುಂಕುಮ ಹಚ್ಚಿ ಕಳಿಸುವ ರೂಢಿ ನಮ್ಮಲ್ಲಿಲ್ಲ. ಹೆಂಡತಿ ಒಂದು ಕುಪ್ಪಸದ ಬಟ್ಟೆಯನ್ನೂ ಒಂದು ಹಿಡಿ ಸಕ್ಕರೆಯನ್ನೂ ಕೊಟ್ಟು, ಹಾಜರಿ ಪುಸ್ತಕದ ಸಹಿ ಆದ ದಿನ ಇದನ್ನು ಹೊಲಿಸಿ ತೊಟ್ಟುಕೋ ಅಂದಳು.

ಫಲಿತಾಂಶ ಬರಲು ಬಹಳ ತಿಂಗಳು ಹಿಡಿಯಿತು. ಆಕೆ ರವಿವಾರ ಬರುವುದನ್ನು ಬಿಡಲಿಲ್ಲ. ಹೊಸದಾಗಿ ಸೇರಿದವರಿಗೆ ರೊಟ್ಟಿಯ ಪಾಠ ಆಕೆಯೇ ಹೇಳಿಕೊಡುತ್ತಿದ್ದಳು. ಕೊನೆಗೊಂದು ದಿನ ಬಬಲೇಶ್ವರದಿಂದ ಫೋನು ಬಂತು. ಶಾಲೆಯ ಗದ್ದಲದ ನಡುವೆ ಆಕೆಯ ದನಿ ಸಣ್ಣಗೆ ಕೇಳಿಸಿತು.

‘ಸರ, ಆಯ್ಕೆ ಪಟ್ಟಿಯಾಗ ನನ್ನ ನಂಬರ ಇಲ್ರಿ. ಇನ್ನೊಂದ ಪಟ್ಟಿ ಬಿಟ್ಟಾರ. ಅಸಿಂಧು ಅಂತ. ಅದ್ರಾಗ ಐತ್ರಿ. ಅಸಿಂಧು ಅಂದ್ರ ಏನ್ರಿ ಸರ?’

ಅರ್ಥ ಆಕೆಗೆ ಗೊತ್ತಿರಲಿಲ್ಲವೆಂದಲ್ಲ. ನಾನು ಬೇರೆ ಅರ್ಥ ಹೇಳಬಹುದೇನೋ ಎಂಬ ಆಸೆಯಿಂದ ಕೇಳಿದ್ದಳು. ಮುಂದಿನ ಬಸ್ಸಿಗೆ ಬಾ ಅಂದೆ.

ಕ್ಲಾಸಿನ ಖೋಲಿಯ ಬೀಗ ತೆಗೆದು ಕೂತೆವು. ಅಂದು ವಾರದ ದಿನ, ಕೆಳಗೆ ಅರಳೆ ಯಂತ್ರ ಬಡಿದುಕೊಳ್ಳುತ್ತಿತ್ತು. ಆಕೆಯ ಮೊಬೈಲಿನಲ್ಲಿ ಆ ಪಟ್ಟಿ ತೆರೆದು ಬೆರಳಿನಿಂದ ಹಿಗ್ಗಿಸಿ ನೋಡಿದೆ. ನಂಬರಿನ ಮುಂದೆ ಗೋಲದ ಪತ್ರಿಕೆಯ ಅಂಕ ಇತ್ತು, ಚೆನ್ನಾಗಿಯೇ ಇತ್ತು. ಕೈಬರಹದ ಪತ್ರಿಕೆಯ ಮುಂದೆ ಅಂಕವಿಲ್ಲ. ಕಾರಣದ ಕಾಲಂನಲ್ಲಿ ಒಂದು ಸಾಲು: ಉತ್ತರ ಪತ್ರಿಕೆಯ ಮೇಲೆ ದೇವರ ಹೆಸರು ಅಥವಾ ಧಾರ್ಮಿಕ ಗುರುತು, ಸೂಚನೆಯ ಉಲ್ಲಂಘನೆ, ಮೌಲ್ಯಮಾಪನಕ್ಕೆ ಪರಿಗಣಿಸಿಲ್ಲ. ಅಂದರೆ ಆಕೆ ಬರೆದದ್ದನ್ನು ಯಾರೂ ಓದಿಯೇ ಇರಲಿಲ್ಲ. ಅಷ್ಟು ಕಾಮಾ, ಅಷ್ಟು ದೊಡ್ಡಕ್ಷರ, ಯಾವುದೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮೇಲಿನ ಸಾಲು ನೋಡಿ ಬದಿಗಿಟ್ಟಿದ್ದರು.

‘ಬರದಿದ್ದೇನವಾ?’ ಅಂತ ಕೇಳಿದೆ. ಕೇಳುವ ಅಗತ್ಯವೇ ಇರಲಿಲ್ಲ.

‘ಬರದಿದ್ನಿರಿ. ಯಾವಾಗ ಬರದ್ನಿ ಅನ್ನೂದs ನೆನಪಿಲ್ರಿ. ಹಾಳಿ ಕೈಗೆ ಬಂದ ಕೂಡ್ಲೇ ಕೈ ತಾನs ಬರದಿರ್ತೈತಿ.’ ಆಕೆ ಪರ್ಸು ತೆಗೆದು ನಾನು ಗುಡ್ ಬರೆದುಕೊಟ್ಟಿದ್ದ ಆ ಹಾಳೆಯನ್ನು ಬಿಚ್ಚಿದಳು. ಸೂಚನೆ ಅಂದ ಕೂಡಲೇ ಆಕೆಗೆ ಅದು ನೆನಪಾಗಿತ್ತು. ಮಡಿಕೆಯಲ್ಲಿ ಸವೆದಿತ್ತು. ಬೆರಳಿಟ್ಟು ಹುಡುಕಿದಳು. ಆರನೆಯ ಸೂಚನೆ. ಉತ್ತರ ಪತ್ರಿಕೆಯ ಯಾವ ಭಾಗದಲ್ಲೂ ಹೆಸರು, ಸಹಿ, ದೇವರ ಹೆಸರು, ಪ್ರಾರ್ಥನೆ ಅಥವಾ ಯಾವುದೇ ಗುರುತು ಬರೆಯಕೂಡದು, ಬರೆದರೆ ಪತ್ರಿಕೆ ಅಸಿಂಧು ಅಂತ ಇಂಗ್ಲಿಷಿನಲ್ಲಿ ನೆಟ್ಟಗೆ ಬರೆದಿತ್ತು. ಆಕೆ ಹೆಸರಿಗೆ ಒಂದು ಕಾಮಾ, ಸಹಿಗೆ ಒಂದು ಕಾಮಾ, ದೇವರ ಹೆಸರಿಗೆ ಒಂದು ಕಾಮಾ ಹಾಕಿದ್ದಳು. ಕೊನೆಗೆ ಪೂರ್ಣವಿರಾಮ. ಪಕ್ಕದಲ್ಲಿ ನನ್ನ ಕೆಂಪು ರೈಟು. ಹಾಳೆಯ ನೆತ್ತಿಯ ಮೇಲೆ ಶ್ರೀ ಸಿದ್ಧೇಶ್ವರ ಪ್ರಸನ್ನ.

ಆ ಆರನೆಯ ಸೂಚನೆಯನ್ನು ನಾನು ಟೈಪ್ ಮಾಡಿದ್ದೆ, ಅದರ ಚಿಹ್ನೆಗಳನ್ನು ಕಿತ್ತಿದ್ದೆ, ಝೆರಾಕ್ಸ್ ತೆಗೆಸಿದ್ದೆ, ಇಪ್ಪತ್ತು ಹಾಳೆಗಳಲ್ಲಿ ತಿದ್ದಿದ್ದೆ. ಇಪ್ಪತ್ತು ಸಲ ಓದಿಯೂ ಓದಿರಲಿಲ್ಲ. ಕಾಮಾ ಎಣಿಸಿದ್ದೆ ಅಷ್ಟೆ. ಆಕೆಯೂ ನನ್ನಿಂದ ಅದನ್ನೇ ಕಲಿತಿದ್ದಳು.

ಆಕೆ ಹಾಳೆಯನ್ನು ಮತ್ತೆ ಮಡಚುತ್ತ ಕೇಳಿದಳು: ‘ಸರ, ನೀವು ಒಂದ ಚುಕ್ಕಿ ಬಿಟ್ಟಾವ್ರಲ್ಲ. ನಂದು ಉಗುರಿನಷ್ಟ ತಪ್ಪಿದ್ರೂ ಸುತ್ತ ಹಾಕ್ತಿದ್ರಿ. ಇದೊಂದನ್ನ ಯಾಕ ಬಿಟ್ರಿ?’

ಸಿಟ್ಟಿನಿಂದ ಕೇಳಿದ್ದರೆ ಉತ್ತರ ಕೊಡುವುದು ಸುಲಭವಿತ್ತು. ನಾನು ಆ ಅಜ್ಜನ ಕತೆ ಹೇಳಿದೆ. ನಿನ್ನ ದೇವರ ಹೆಸರಿಗೆ ನಾನು ಗೆರೆ ಎಳೆದರೆ ನಿನಗೆ ಏನನ್ನಿಸೀತು ಅಂತ ಅಂಜಿದೆ ಅಂದೆ.

‘ನನಗೇನ ಅನಸ್ತಿದ್ದಿಲ್ರಿ ಸರ,’ ಅಂದಳು. ‘ನೀವು ಹೇಳಿದ್ರ ಬಿಡತಿದ್ದೆ. ಐ ದೊಡ್ಡದ ಬರಿ ಅಂದ್ರಿ, ಬರೀಲಿಲ್ಲೇನು?’

ಎರಡು ವರ್ಷ ಎದುರು ಕೂತು ಕಲಿತವಳನ್ನು ನಾನು ಎಷ್ಟು ಕಡಿಮೆ ಅರಿತಿದ್ದೆ! ಮನುಷ್ಯರ ಮೇಲೆ ವಿಶ್ವಾಸವಿಲ್ಲದ್ದಕ್ಕೆ ಸಭ್ಯತೆ ಅಂತ ಹೆಸರಿಟ್ಟುಕೊಂಡಿದ್ದೆ. ಆ ಅಜ್ಜನನ್ನು ದೂರುವುದಿಲ್ಲ. ಅವರು ಒಂದು ದಿನದ ಮಾತು ಹೇಳಿ ಹೋದರು, ನಾನು ಅದನ್ನು ಜೀವನಪೂರ್ತಿ ಇಟ್ಟುಕೊಂಡೆ.

ಅರ್ಜಿ ಬರೆದೆವು. ನಾನೇ ಕೂತು ಕರಡು ತೆಗೆದೆ: ಇದು ಗುರುತು ಹೇಳಿಕೊಳ್ಳುವ ಉದ್ದೇಶದಿಂದ ಬರೆದದ್ದಲ್ಲ, ನಮ್ಮ ಭಾಗದ ರೂಢಿ, ಬಾಲ್ಯದಿಂದ ಬಂದದ್ದು, ದಯವಿಟ್ಟು ಮರುಪರಿಶೀಲಿಸಬೇಕು. ಒಂದೇ ಒಂದು ತಪ್ಪಿಲ್ಲದ ಅರ್ಜಿ. ಎರಡು ತಿಂಗಳಾದ ಮೇಲೆ ಉತ್ತರ ಬಂತು, ನಿಯಮದಲ್ಲಿ ಅವಕಾಶವಿಲ್ಲವೆಂದು. ಅವರು ಹೇಳಿದ್ದು ಸುಳ್ಳೂ ಅಲ್ಲ. ನಿಯಮ ಎಲ್ಲರಿಗೂ ಒಂದೇ, ಅದನ್ನು ಮೊದಲೇ ಕೊಟ್ಟಿದ್ದರು, ನಾವು ಅದನ್ನು ಅಭ್ಯಾಸಕ್ಕೆ ಬಳಸಿಕೊಂಡಿದ್ದೆವು. ಯಾರನ್ನು ಬೈಯೋಣ? ಬೈಯಲು ಒಬ್ಬ ದುಷ್ಟನೂ ಸಿಗದಿದ್ದರೆ ದುಃಖಕ್ಕೆ ಎಲ್ಲಿಯೂ ಕೂರಲು ಜಾಗವಿರುವುದಿಲ್ಲ.

ಜೂನ್ ಬಂತು. ಆಯ್ಕೆ ಪಟ್ಟಿಯಲ್ಲಿದ್ದ ಒಬ್ಬರು ಬಬಲೇಶ್ವರದ ಆ ಶಾಲೆಗೇ ಕಾಯಂ ಆಗಿ ಬಂದರು. ಆ ಜಾಗಕ್ಕೆ ಕಾಯಂ ಶಿಕ್ಷಕರು ಬಂದ ಮೇಲೆ ಅತಿಥಿ ಯಾಕೆ ಬೇಕು? ಹೆಡ್‌ಮಾಸ್ಟರ್ ಒಳ್ಳೆಯವರು, ಮುಖ ಕೆಳಗೆ ಹಾಕಿ ಹೇಳಿದರಂತೆ. ಆಕೆ ಹದಿಮೂರು ವರ್ಷದ ಸಹಿಗಳಿದ್ದ ಆ ನೂರು ಪುಟದ ನೋಟ್‌ಬುಕ್ಕುಗಳನ್ನು ಕೇಳಿದಳಂತೆ, ಮನೆಗೆ ಒಯ್ಯಲು. ಹಳೆಯವು ಯಾವಾಗಲೋ ರದ್ದಿಗೆ ಹೋಗಿದ್ದವು. ಈಗ ತಿಕೋಟಾದಲ್ಲಿ ಒಂದು ಒಣದ್ರಾಕ್ಷಿ ಶೆಡ್ಡಿಗೆ ಹೋಗುತ್ತಾಳೆ. ಕಪ್ಪಾದ ಕಾಳು, ಕಡ್ಡಿ ಆರಿಸುವ ಕೆಲಸ.

ಕೊನೆಯ ಸಲ ಆಕೆ ಬಂದದ್ದು ಒಂದು ರವಿವಾರ ಮಧ್ಯಾಹ್ನ, ಕ್ಲಾಸು ಮುಗಿದು ಎಲ್ಲರೂ ಇಳಿದು ಹೋದ ಮೇಲೆ. ಬೆಂಚಿನ ಮೇಲೆ ಎರಡು ಹಾಳೆ ಇಟ್ಟಳು. ಪರೀಕ್ಷೆಯಲ್ಲಿ ಬರೆದ ಸಂತೆಯ ಪ್ರಬಂಧವನ್ನು ನೆನಪಿನಿಂದ ಅಕ್ಷರಕ್ಕೆ ಅಕ್ಷರ ಬರೆದು ತಂದಿದ್ದಳು. ದಿನಾ ಶೆಡ್ಡಿನಲ್ಲಿ ಕಾಳು ಆರಿಸುತ್ತ ಮನಸ್ಸಿನಲ್ಲಿ ಅದನ್ನೇ ಓದಿಕೊಳ್ಳುತ್ತೇನೆ, ಹಾಗಾಗಿ ಒಂದು ಶಬ್ದವೂ ಮರೆತಿಲ್ಲ ಅಂದಳು.

‘ಅವ್ರಂತೂ ಓದ್ಲಿಲ್ರಿ. ನೀವರ ಓದಿ ತಿದ್ದಿ ಕೊಡ್ರಿ ಸರ. ನಾ ಪಾಸ ಆಗ್ತಿದ್ನೋ ಇಲ್ಲೋ, ಅಷ್ಟ ಗೊತ್ತಾಗ್ಲಿ.’

ಕನ್ನಡಕ ಹಾಕಿಕೊಂಡು ಓದಿದೆ. ಜೀವನದಲ್ಲಿ ಎಂದೂ ಇಷ್ಟು ಆಸೆಯಿಂದ ತಪ್ಪು ಹುಡುಕಿರಲಿಲ್ಲ. ಒಂದು ಹತ್ತು ತಪ್ಪು ಇದ್ದರೆ ಆ ಸಾಲು ಬರೆಯದಿದ್ದರೂ ಆಗುತ್ತಿರಲಿಲ್ಲ ಅಂದುಕೊಳ್ಳಬಹುದಿತ್ತು. ಆಕೆಗೂ ಸಮಾಧಾನ, ನನಗೂ. ಮೊದಲ ಪುಟ ಮುಗಿಯಿತು. ಎರಡನೆಯದು ಮುಗಿಯಿತು. ಬಳೆಗಾರನ ಕೂಗು, ಕುಡಗೋಲಿನವನ ಚೌಕಾಸಿ, ಸಂತೆ ಮುಗಿದ ಮೇಲೆ ಬಿದ್ದ ಸೊಪ್ಪನ್ನು ಮೇಯುವ ಆಡು, ಎಲ್ಲ ಕಣ್ಣಿಗೆ ಕಟ್ಟಿತು. ಮತ್ತೊಮ್ಮೆ ಮೊದಲಿನಿಂದ ಓದಿದೆ. ಏನೂ ಸಿಗಲಿಲ್ಲ.

‘ಎಷ್ಟ ತಪ್ಪ ಅದಾವ್ರಿ?’

ಆಗ ನಾನು ಸುಳ್ಳು ಹೇಳಿದೆ. ಆಕೆಯ ಒಳ್ಳೆಯದಕ್ಕೆ ಅಂದುಕೊಂಡೇ ಹೇಳಿದೆ.

‘ಅದಾವು ತಂಗಿ. ಹತ್ತು ಹನ್ನೆರಡ ಅದಾವು. ಪಾಸ್ ಆಗೂದು ಕಷ್ಟ ಇತ್ತು.’

ಆಕೆ ನನ್ನ ಜೇಬಿನಿಂದ ಇಣುಕುತ್ತಿದ್ದ ಕೆಂಪು ಪೆನ್ನನ್ನು ನೋಡಿದಳು.

‘ಹಾಕಿ ತೋರಸ್ರಿ.’

ಪೆನ್ನು ತೆಗೆದೆ. ಬದನೆಕಾಯಿಯ ಪಕ್ಕದ ಕಾಮಾದ ಮೇಲೆ ಇಟ್ಟೆ.

‘ಅದು ಸರಿ ಐತ್ರಿ ಸರ,’ ಅಂದಳು.

ಬಳೆಗಾರನ ಕೂಗಿನ ಕಡೆಗೆ ಸರಿಸಿದೆ.

‘ಅದೂ ಸರಿ ಐತ್ರಿ. ನೀವs ಕಲಿಸಿದ್ದು.’

ಮೂರನೆಯ ಕಡೆ ಇಡಲು ನನಗೆ ಕೈ ಬರಲಿಲ್ಲ. ಆಕೆ ಕಾಯುತ್ತ ಕೂತಳು. ಆಮೇಲೆ ಸೆರಗು ಬಾಯಿಗೆ ಹಿಡಿದು, ಆ ಇಡೀ ವರ್ಷದಲ್ಲಿ ಮೊದಲ ಸಲ, ಸದ್ದು ಮಾಡಿ ಅತ್ತಳು.